ಗಲಭೆಗೆ ಕಾರಣ ಕೇಳುವುದು ತಪ್ಪಲ್ಲ

ಮಾನ್ಯರೇ,

ನಗರದಲ್ಲಿ ಗಲಭೆ ಆದ ತಕ್ಷಣ ‘ಒದ್ದು ಒಳಗೆ ಹಾಕಿ’ ಎನ್ನುವ ಮಾತೇ ಜಾಸ್ತಿ ಕೇಳಿಸುತ್ತದೆ, ಯಾಕಾಯಿತು ಎಂದು ಕೇಳಿದವರಿಗೆ ಪುಂಡರ ಪರ ಎಂಬ ಪಟ್ಟ ಸಿಗುತ್ತದೆ. ಅಂಗಡಿ ಸುಟ್ಟವರಿಗೆ ಶಿಕ್ಷೆ ಆಗಲೇಬೇಕು. ಅಷ್ಟಕ್ಕೇ ನಿಲ್ಲಿಸಿದರೆ ಹೇಗೆ? ಅಮೆರಿಕದ ಡೆಟ್ರಾಯಿಟ್‌ನಲ್ಲಿ 1967ರ ಗಲಭೆಯಲ್ಲಿ 43 ಜನ ಸತ್ತರು. ಅದೂ ಸೇರಿದಂತೆ ಆ ವರ್ಷದ ಗಲಭೆಗಳನ್ನು ತನಿಖೆ ಮಾಡಿದ ಕರ್ನರ್ ಆಯೋಗ ನಿರುದ್ಯೋಗ, ಹಾಳು ವಸತಿ, ಪೊಲೀಸರ ನಡವಳಿಕೆ ಮತ್ತು ಇವೆಲ್ಲದರ ಹಿಂದಿದ್ದ ಜನಾಂಗೀಯ ತಾರತಮ್ಯವನ್ನು ನೇರವಾಗಿ ಹೆಸರಿಸಿತು. ಆದರೆ ಹೆಚ್ಚಿನ ಸಲಹೆಗಳು ಮೂಲೆ ಸೇರಿದವು. 1992ರಲ್ಲಿ ಅಲ್ಲಿನದೇ ಲಾಸ್ ಏಂಜಲೀಸ್ ನಗರ ಗಲಭೆಯಲ್ಲಿ ಹೊತ್ತಿ ಉರಿದಾಗ ಅದೇ ಕಾರಣಗಳು ಮತ್ತೆ ಎದುರಿಗೆ ಬಂದವು, ಅಲ್ವಾ? ಗಲಭೆಯ ತನಿಖಾ ವರದಿ ಪೂರ್ತಿಯಾಗಿ ಜನರ ಕೈಗೆ ಸಿಗಬೇಕು, ಯಾವ ಸಲಹೆ ಜಾರಿಯಾಯಿತು, ಯಾವುದು ಆಗಲಿಲ್ಲ ಎಂದು ಸರ್ಕಾರ ಪ್ರತಿ ವರ್ಷ ಲೆಕ್ಕ ಕೊಡಬೇಕು.

– ಒಬ್ಬ ಓದುಗ