ಮೊದ್ಲು ನಿಮ್ಮಜ್ಜಿ ಫೋಟೋ ತೆಗಿಯೋ

ಗೆಳೆಯಾ,

ಮೊನ್ನೆ ಫೋನಲ್ಲಿ ಮಾತಾಡೋವಾಗ ನೀನು, ಕ್ಯಾಮೆರಾ ತಗೊಂಡು ಎಂಟು ತಿಂಗ್ಳಾಯ್ತು, ತೆಗಿಯೋಕೆ ಏನೂ ಸಿಗ್ತಿಲ್ಲ, ನಮ್ಮನೇಲಿ ಏನಿದೆ ಮಣ್ಣು ಅಂದ್ಯಲ್ಲ, ಆ ಮಾತು ಇನ್ನೂ ತಲೇಲೇ ಕೂತಿದೆ. ಅದಕ್ಕೇ ನಿಂಗೆ ಸೂನಿ ತಾರಾಪೊರೇವಾಲಾ ಬಗ್ಗೆ ಹೇಳ್ಬೇಕು ಅನ್ನಿಸ್ತು.

ಮುಂಬೈನ ಪಾರ್ಸಿ ಅವರು, 1957ರಲ್ಲಿ ಹುಟ್ಟಿದೋರು. 'ಸಲಾಂ ಬಾಂಬೆ' ಸಿನಿಮಾಗೆ ಚಿತ್ರಕಥೆ ಬರೆದೋರು ಅಂದ್ರೆ ನಿಂಗೆ ಗೊತ್ತಾಗುತ್ತೆ, ಆದ್ರೆ ಅದಕ್ಕೂ ಮುಂಚೆಯಿಂದ್ಲೇ ಫೋಟೋಗ್ರಾಫರ್. ಅಮೆರಿಕಾದ ಹಾರ್ವರ್ಡ್‌ನಲ್ಲಿ ಓದೋವಾಗ ರೂಮ್‌ಮೇಟ್ ಹತ್ರ ಸಾಲ ಮಾಡಿ ಕ್ಯಾಮೆರಾ ಕೊಂಡ್ರಂತೆ. ಅಷ್ಟು ದೂರದಿಂದ ವಾಪಸ್ ಬಂದು ಅದನ್ನ ಯಾರ ಕಡೆ ತಿರುಗಿಸಿದ್ರು ಗೊತ್ತಾ, ಸ್ವಂತ ಅಜ್ಜ ಅಜ್ಜಿ, ನೆಂಟರಿಷ್ಟರ ಕಡೆ. ಹಂಗೇ ಮನೆಯಿಂದ ಶುರುವಾಗಿದ್ದು ಇಡೀ ಸಮುದಾಯಕ್ಕೆ ಹಬ್ಬಿ ಇಪ್ಪತ್ತು ವರ್ಷದ ಮೇಲೆ 2000ದಲ್ಲಿ ಪುಸ್ತಕ ಆಯ್ತು, ಅದನ್ನ ಪ್ರಕಟ ಮಾಡಿದ್ದೂ ಅವರೇ.

ಸಾವಿರ ವರ್ಷಕ್ಕೂ ಹಿಂದೆ ಇರಾನ್ ಬಿಟ್ಟು ಗುಜರಾತ್ ತೀರಕ್ಕೆ ಬಂದ ಜನ ಕಣೋ ಈ ಪಾರ್ಸಿಗಳು, ಅಲ್ಲಿನ ಉದ್ವಾಡ ಅನ್ನೋ ಊರಲ್ಲಿ ಆ ಕಾಲದ ಪವಿತ್ರ ಅಗ್ನಿನ ಇವತ್ತಿಗೂ ಆರದ ಹಾಗೆ ಕಾಪಾಡ್ತಿದಾರೆ. ಮಕ್ಕಳಿಗೆ ನವಜೋತ್ ಅಂತ ಧರ್ಮಕ್ಕೆ ಸೇರಿಸೋ ಶಾಸ್ತ್ರ ಮಾಡಿ ಸೊಂಟಕ್ಕೆ ಕುಸ್ತಿ ಅನ್ನೋ ದಾರ ಕಟ್ತಾರೆ, 72 ಎಳೆ ಉಣ್ಣೇದು, ನಮ್ ಜನಿವಾರದ ಥರ ಅಂದ್ಕೋ, ಆದ್ರೆ ಹೆಣ್ಣುಮಕ್ಕಳಿಗೂ ಕಟ್ತಾರೆ, ಅದು ನಂಗೆ ಬಹಳ ಇಷ್ಟ. ಅವರ ಗಾರಾ ಸೀರೆ ಕಸೂತಿ ಚೀನಾ ಜೊತೆ ವ್ಯಾಪಾರ ಮಾಡೋ ಕಾಲದಲ್ಲಿ ಬಂದಿದ್ದು, ಅದ್ರಲ್ಲಿ ಚುಕ್ಕಿ ಚುಕ್ಕಿ ಡಿಸೈನ್‌ಗೆ ಕಾಂದಾ ಪಪೇಟಾ ಅಂತಾರೆ, ಈರುಳ್ಳಿ ಆಲೂಗಡ್ಡೆ! ಹೊಸ್ತಿಲ ಮುಂದೆ ತೂತಿನ ಡಬ್ಬಿಯಿಂದ ರಂಗೋಲಿನೂ ಹಾಕ್ತಾರೆ, ನಮ್ಮನೆಗಳ ಥರಾನೇ.

2001ರ ಜನಗಣತಿಲಿ ದೇಶದಲ್ಲಿ ಇದ್ದಿದ್ದು 69,601 ಪಾರ್ಸಿಗಳು, 2011ಕ್ಕೆ 57,264. ಹತ್ತು ವರ್ಷದಲ್ಲಿ ಹನ್ನೆರಡು ಸಾವಿರ ಕಮ್ಮಿ. ಹಂಗಾಗಿ ಆ ಪುಸ್ತಕದಲ್ಲಿರೋ ಒಬ್ಬೊಬ್ಬ ಮುದುಕರ ಮುಖಕ್ಕೂ ಎಷ್ಟು ಬೆಲೆ ಯೋಚನೆ ಮಾಡು, ಮತ್ತೆ ಅದು ಹೊರಗಿನೋರು ಬಂದು ಇಣುಕಿ ತೆಗೆದಿದ್ದಲ್ಲ, ಮನೆ ಮೊಮ್ಮಗಳು ತೆಗೆದಿದ್ದು. ಆಮೇಲೆ 2008ರಲ್ಲಿ 'ಲಿಟಲ್ ಜಿಜೂ' ಅಂತ ಪಾರ್ಸಿ ಮನೆಗಳ ಕತೇನೇ ಸಿನಿಮಾ ಮಾಡಿದ್ರು, ಅದ್ರಲ್ಲಿ ಅವರ ಮಕ್ಕಳೂ ಇದಾರೆ. ಕ್ಯಾಮೆರಾ ಬದಲಾದ್ರೂ ಮನೆ ಬಿಡ್ಲಿಲ್ಲ ನೋಡು.

ನಮ್ಮಜ್ಜಿದು ಉಳಿದಿರೋದು ಒಂದೇ ಫೋಟೋ, ರೇಷನ್ ಕಾರ್ಡಿಗೆ ತೆಗೆಸಿದ್ದು. ಅವರು ನಗೋವಾಗ ಬಾಯಿಗೆ ಸೆರಗು ಹಿಡೀತಿದ್ರು, ಅದು ಯಾವ ಫೋಟೋದಲ್ಲೂ ಇಲ್ಲ.

ಗೌರಿ ಹಬ್ಬಕ್ಕೆ ಊರಿಗೆ ಹೋಗ್ತೀಯಲ್ಲ, ನಿಮ್ಮಜ್ಜಿ ಬಾಗಿನದ ಮೊರಕ್ಕೆ ಅರಿಶಿನ ಹಚ್ಚೋವಾಗ ಪಕ್ಕದಲ್ಲೇ ಕೂತು ಆ ಕೈ ತೆಗಿ. ಫ್ಲ್ಯಾಶ್ ಹಾಕ್ಬೇಡ, ಅವರ ಕಣ್ಣಿಗೆ ಆಪರೇಷನ್ ಆಗಿದೆ.

ನಿನ್ನ ಗೆಳೆಯ