ಬಾಗಿಲು ಹಾಕುವ ಮುಂಚೆ ಇದನ್ನೊಮ್ಮೆ ಓದು, ಪುಟ್ಟಿ

ಪುಟ್ಟಿ,

ನೀನು ಕಳಿಸಿದ ಹೊಲಿಗೆ ಅಂಗಡಿಯ ಲೆಕ್ಕದ ಪುಸ್ತಕದ ಫೋಟೋಗಳನ್ನೆಲ್ಲ ನೋಡಿ ಮುಗಿಸಿದೆ. ಆರ್ಡರ್ ಪುಸ್ತಕವನ್ನೂ ನೋಡಿದೆ. "ಅಂಗಡಿ ಬಾಗಿಲು ಹಾಕಿಬಿಡಲಾ ಅಮ್ಮ, ನನ್ನ ಕೈಲಿ ಆಗುತ್ತಿಲ್ಲ" ಅಂತ ಕೇಳಿದ್ದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಹೋದರೆ ಇಬ್ಬರೂ ಅಳುತ್ತೇವೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ರಾತ್ರಿ ಓದಬೇಡ. ಬೆಳಿಗ್ಗೆ ತಿಂಡಿ ಆದ ಮೇಲೆ ಓದು.

ಮೊದಲಿಗೆ, ಈಗ ಏನನ್ನೂ ತೀರ್ಮಾನ ಮಾಡಬೇಡ. ಇಷ್ಟು ಸುಸ್ತಾಗಿರುವಾಗ ಯಾವುದನ್ನು ಕೇಳಿದರೂ ಬೇಡ ಅಂತಲೇ ಅನ್ನಿಸುತ್ತದೆ. ಇನ್ನೇನು ಆಷಾಢ ಬರುತ್ತದೆ. ಅದು ಮುಗಿಯುವವರೆಗೆ ಅಂಗಡಿ ಮುಚ್ಚುವ ಮಾತು ಪಕ್ಕಕ್ಕಿಡು. ಆಮೇಲೂ ಬೇಡ ಅನ್ನಿಸಿದರೆ ನಾನೇ ಬಂದು ನಿನ್ನ ಪಕ್ಕ ನಿಂತು ಮಷಿನ್‌ಗಳನ್ನು ಮಾರಿಸಿಕೊಡುತ್ತೇನೆ. ಅದರಲ್ಲಿ ಅವಮಾನ ಏನೂ ಇಲ್ಲ. ಯಾರಾದರೂ ಏನಾದರೂ ಅಂದರೆ ನನ್ನ ಹತ್ತಿರ ಕಳಿಸು.

ಹೋದ ಸಲ ಮೈಸೂರಿಗೆ ಬಂದಾಗ ನಿನ್ನ ಕಟಿಂಗ್ ಟೇಬಲ್ ಪಕ್ಕ ಕೂತಿದ್ದೆ. ಒಬ್ಬ ಹುಡುಗಿ ಮದುವೆ ಬ್ಲೌಸ್ ತಗೊಂಡು ಹೋಗಲು ಬಂದಳು. ಹಸಿರು ರೇಷ್ಮೆ, ತೋಳಿನ ತುಂಬ ಆರಿ ವರ್ಕ್, ಬೆನ್ನಿಗೆ ಸಣ್ಣ ಸಣ್ಣ ಮುತ್ತು. ಹಾಕಿಕೊಂಡು ಕನ್ನಡಿ ಮುಂದೆ ನಿಂತಳು, ಅವಳ ಅಮ್ಮ ಕಣ್ಣೊರೆಸಿಕೊಂಡರು. ನೀನು ತಲೆ ಎತ್ತಲಿಲ್ಲ. ಕೈಯಲ್ಲಿ ಚಾಕ್ ಹಿಡಿದು ಬೇರೆ ಬಟ್ಟೆ ಮೇಲೆ ಗೆರೆ ಎಳೆಯುತ್ತಲೇ ಇದ್ದೆ. ಅವರು ಹೋದ ಮೇಲೆ "ಸದ್ಯ, ಒಂದು ಮುಗೀತು" ಅಂದೆ. ಅಂಗಡಿ ತೆರೆದ ಹೊಸದರಲ್ಲಿ ಮದುವೆ ಹುಡುಗಿಯರ ಹತ್ತಿರ ಫೋಟೋ ಕೇಳಿ ತರಿಸಿಕೊಂಡು, ತೋಳಿನ ಫಿಟಿಂಗ್ ಹೇಗೆ ಕೂತಿದೆ ನೋಡಮ್ಮ ಅಂತ ನನಗೆ ಕಳಿಸುತ್ತಿದ್ದವಳು ನೀನು. ಬೈಯೋಕೆ ಹೇಳುತ್ತಿಲ್ಲ ಕಂದ. ಆವತ್ತೇ ನನಗೆ ಗಾಬರಿಯಾಯಿತು.

ಬರ್ನ್‌ಔಟ್ ಅಂತೀರಲ್ಲ, ಅದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಗುರುತು ಹೇಳಿದೆ. ಮೈಮನಸ್ಸು ಬರಿದಾದಷ್ಟು ಸುಸ್ತು. ಮಾಡುವ ಕೆಲಸದ ಮೇಲೇ ಬೇಸರ, ಅದರಿಂದ ದೂರ ಓಡಬೇಕು ಅನ್ನುವ ಭಾವನೆ. ನನ್ನ ಕೈಲಿ ಏನೂ ಸರಿಯಾಗಿ ಆಗುತ್ತಿಲ್ಲ ಅನ್ನುವ ಅನುಮಾನ. ಮೂರೂ ನಿನ್ನ ಮಾತಿನಲ್ಲಿ ಕೇಳಿಸಿದೆ. ಆದರೆ ಅವರು ಅದನ್ನು ಕಾಯಿಲೆ ಅಂತ ಕರೆದಿಲ್ಲ. ಕೆಲಸದ ಒತ್ತಡ ಬಹಳ ಕಾಲ ಹಾಗೇ ಉಳಿದುಹೋದರೆ ಆಗುವ ಸ್ಥಿತಿ ಅಂದಿದ್ದಾರೆ. ನನಗೆ ಅದು ತುಂಬಾ ಸರಿ ಅನ್ನಿಸಿತು. ನೀನು ಒಂದು ವಾರ ಕೊಡಗಿಗೆ ಹೋಗಿ ಮಲಗಿದ್ದು ಬಂದರೂ ಅದೇ ಪುಸ್ತಕ, ಅದೇ ರೇಟು, ಅದೇ ಫೋನು ಕಾಯುತ್ತಿರುತ್ತವೆ. ಎರಡೇ ದಿನದಲ್ಲಿ ಮತ್ತೆ ಅದೇ ಸುಸ್ತು. ಅದಕ್ಕೇ ಈ ಸುಸ್ತನ್ನು ನಿನ್ನ ಸ್ವಭಾವದಲ್ಲಿ ಹುಡುಕದೆ ನಿನ್ನ ಪುಸ್ತಕದಲ್ಲಿ ಹುಡುಕಿದೆ. ಸಹಕಾರಿ ಬ್ಯಾಂಕಿನ ಸಾಲದ ವಿಭಾಗದಲ್ಲಿ ಇಷ್ಟು ವರ್ಷ ಕೂತವಳಿಗೆ ಬರುವುದು ಅದೊಂದೇ ವಿದ್ಯೆ.

ನಿನ್ನ ಲೈನಿಂಗ್ ಬ್ಲೌಸ್ ಲೆಕ್ಕ ತಗೊಳ್ಳೋಣ. ನೀನು ತಗೊಳ್ಳುವುದು 650 ರೂಪಾಯಿ. ಲೈನಿಂಗ್ ಬಟ್ಟೆ 90. ಹುಕ್ಕು, ದಾರ, ಕ್ಯಾನ್ವಾಸ್ 35. ಟೈಲರ್‌ಗೆ 220. ಕೈಹೊಲಿಗೆಗೆ 40. ಬಾಡಿಗೆ, ಕರೆಂಟು, ಮಷಿನ್ ಸರ್ವಿಸ್ ಎಲ್ಲ ಹಂಚಿದರೆ ಒಂದು ಬ್ಲೌಸಿಗೆ 110. ಇಸ್ತ್ರಿ, ಕವರ್ 25. ಒಟ್ಟು 520. ಉಳಿದದ್ದು 130. ಈ 130ಕ್ಕೆ ನೀನು ಅಳತೆ ತಗೊಳ್ಳುತ್ತೀಯ, ಕತ್ತರಿಸುತ್ತೀಯ, ಟ್ರಯಲ್ ನೋಡುತ್ತೀಯ, ಆಲ್ಟರೇಷನ್ ಮಾಡುತ್ತೀಯ, ನಡುವೆ ಫೋನು. ಕಡಿಮೆ ಅಂದರೂ ಒಂದೂವರೆ ಗಂಟೆ. ಅಂದರೆ ಗಂಟೆಗೆ 90 ರೂಪಾಯಿಯೂ ಇಲ್ಲ. ನಿನ್ನ ಟೈಲರ್ ಎರಡು ಗಂಟೆ ಹೊಲಿದು 220 ತಗೊಳ್ಳುತ್ತಾರೆ, ಗಂಟೆಗೆ 110. ಅವರಿಗೆ ಅದು ಸಲ್ಲಬೇಕಾದ್ದೇ, ಅದರಲ್ಲಿ ಒಂದು ರೂಪಾಯಿಯೂ ಕಡಿಮೆ ಮಾಡಬೇಡ. ಆದರೆ ಅಂಗಡಿಯ ಯಜಮಾನಿಗೆ ಅದಕ್ಕಿಂತ ಕಡಿಮೆ ಉಳಿದರೆ, ಮನೆ ನಡೆಸಲು ಅವಳು ರಾತ್ರಿಯೂ ಕೂರಲೇಬೇಕಾಗುತ್ತದೆ. ಬೇರೆ ದಾರಿ ಇಲ್ಲ.

ಬ್ಯಾಂಕಿನಲ್ಲಿ ನೋಡಿದ್ದೇನೆ. ಆರ್ಡರ್ ಇಲ್ಲದೆ ಮುಚ್ಚಿದ ಅಂಗಡಿಗಳಷ್ಟೇ ಆರ್ಡರ್ ಜಾಸ್ತಿಯಾಗಿ ಮುಚ್ಚಿದ ಅಂಗಡಿಗಳೂ ಇದ್ದವು. ಸಾಲಕ್ಕೆ ಬಂದವರ ಲೆಕ್ಕದಲ್ಲಿ ಕೆಲಸದವರ ಸಂಬಳ ಇರುತ್ತಿತ್ತು, ಬಾಡಿಗೆ ಇರುತ್ತಿತ್ತು, ಅವರ ಸ್ವಂತ ಸಂಬಳದ ಸಾಲು ಮಾತ್ರ ಇರುತ್ತಿರಲಿಲ್ಲ. "ಉಳಿದದ್ದೆಲ್ಲ ನಮ್ಮದೇ ಅಲ್ವಾ ಮೇಡಂ" ಅನ್ನುತ್ತಿದ್ದರು. ಉಳಿಯುತ್ತಿರಲಿಲ್ಲ. ನಿನ್ನ ಪುಸ್ತಕದಲ್ಲೂ ಆ ಸಾಲು ಇಲ್ಲ ಪುಟ್ಟಿ. ಮೊದಲು ಅದನ್ನು ಬರೆ. ತಿಂಗಳಿಗೆ ಇಷ್ಟು ಅಂತ ನಿನಗೆ ಸಂಬಳ, ಬಾಡಿಗೆ ಕೊಡುವ ದಿನವೇ ನಿನ್ನ ಸ್ವಂತ ಖಾತೆಗೆ. ಆ ಸಾಲು ಬರೆದ ಮೇಲೆ ಬ್ಲೌಸಿಗೆ ಎಷ್ಟು ತಗೊಳ್ಳಬೇಕು ಅಂತ ಲೆಕ್ಕವೇ ಹೇಳುತ್ತದೆ. 800 ಆಗಬಹುದು. ಕೆಲವರು ಬಿಟ್ಟು ಹೋಗುತ್ತಾರೆ. ಹೋಗಲಿ. ಪ್ರತಿ ಸಲ ನೂರು ರೂಪಾಯಿ ಚೌಕಾಸಿ ಮಾಡಿ, ಮೂರು ಸಲ ಆಲ್ಟರೇಷನ್‌ಗೆ ತರುವವರೇ ಮೊದಲು ಹೋಗುತ್ತಾರೆ, ನೋಡುತ್ತಿರು.

ಇನ್ನು ಆರ್ಡರ್ ಪುಸ್ತಕ. ಇಬ್ಬರು ಟೈಲರ್, ದಿನಕ್ಕೆ ತಲಾ ನಾಲ್ಕು ಬ್ಲೌಸ್, ವಾರಕ್ಕೆ ಆರು ದಿನ. 48. ಸೀಸನ್‌ನಲ್ಲಿ ನೀನು ಒಪ್ಪಿಕೊಂಡಿರುವುದು 65. ಮಿಕ್ಕ 17 ಯಾರು ಹೊಲಿಯುತ್ತಾರೆ? ಊಟ ಆದ ಮೇಲೆ ನೀನು. ಅದರ ಮೇಲೆ ಆಲ್ಟರೇಷನ್, ಫಾಲ್ಸ್, ಕುಚ್ಚು. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಅಂಗಡಿ, ಭಾನುವಾರ ಅರ್ಧ ದಿನ, ಇಷ್ಟಕ್ಕೇ ವಾರಕ್ಕೆ 70 ಗಂಟೆ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯು ಹೊಡೆಯುವ ಸಾಧ್ಯತೆ ಅಂದಾಜು ಶೇ 35ರಷ್ಟು ಹೆಚ್ಚು. ಹೃದಯದ ಕಾಯಿಲೆಯಿಂದ ಸಾಯುವ ಸಾಧ್ಯತೆ ಶೇ 17ರಷ್ಟು ಹೆಚ್ಚು. ಇದನ್ನು ಬರೆಯಲು ನನ್ನ ಕೈ ನಡುಗುತ್ತದೆ, ಆದರೂ ನಿನಗೆ ಗೊತ್ತಿರಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರಲ್ಲಿ ಕೆಲಸದವರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ, ವಾರಕ್ಕೊಂದು ರಜೆ. ನಿನ್ನ ಟೈಲರ್‌ಗಳಿಗೆ ನೀನು ಅದನ್ನೆಲ್ಲ ಚಾಚೂ ತಪ್ಪದೆ ಕೊಡುತ್ತೀಯ, ಅದು ನನಗೆ ಹೆಮ್ಮೆ. ಮಾಲೀಕಳಿಗೆ ರಜೆ ಕೊಡು ಅಂತ ಹೇಳುವವರು ಯಾರೂ ಇಲ್ಲ. ಅದನ್ನು ನೀನೇ ಕೊಟ್ಟುಕೊಳ್ಳಬೇಕು.

ವಾರಕ್ಕೆ 40ಕ್ಕೆ ಪುಸ್ತಕ ಮುಚ್ಚು. 48 ಬೇಡ, ಯಾರಾದರೂ ಒಬ್ಬರಿಗೆ ಜ್ವರ ಬಂದೇ ಬರುತ್ತದೆ. ನಲವತ್ತೊಂದನೆಯವರಿಗೆ ಮುಂದಿನ ವಾರದ ದಿನಾಂಕ ಕೊಡು. ನಮ್ಮ ಬ್ಯಾಂಕಿನ ಗ್ರಾಹಕರೊಬ್ಬರು ಮದುವೆ ಕಾರ್ಡ್ ಪ್ರಿಂಟ್ ಮಾಡುತ್ತಿದ್ದರು. ನಿನ್ನದೇ ಸೀಸನ್, ನಿನ್ನದೇ ಥರದ ಅವಸರದ ಗಿರಾಕಿಗಳು. ಒಂದು ವರ್ಷ ಕೌಂಟರ್ ಮೇಲೆ ಬೋರ್ಡ್ ಹಾಕಿದರು: ಎಂಟು ದಿನಕ್ಕಿಂತ ಮುಂಚೆ ಕಾರ್ಡ್ ಸಿಗುವುದಿಲ್ಲ. ಜನ ಗೊಣಗಿದರು. ಆಮೇಲೆ ಎಂಟು ದಿನ ಮುಂಚೆ ಬರಲು ಶುರು ಮಾಡಿದರು. ನಿಜಕ್ಕೂ ಅರ್ಜೆಂಟ್ ಇದ್ದವರಿಗೆ ಒಂದೂವರೆ ಪಟ್ಟು ರೇಟು. ನೀನೂ ಹಾಗೇ ಮಾಡು. ಅರ್ಜೆಂಟ್ ಅನ್ನುವ ಅರ್ಧ ಜನಕ್ಕೆ ರೇಟು ಕೇಳಿದ ತಕ್ಷಣ ಅರ್ಜೆಂಟ್ ಇರುವುದಿಲ್ಲ.

ಕಟಿಂಗ್ ಮಾತ್ರ ಯಾರ ಕೈಗೂ ಕೊಡಲ್ಲ ಅಂತ ಹಟ ಹಿಡಿದಿದ್ದೀಯ. ರೇಷ್ಮೆ ಬಟ್ಟೆಗೆ ತಪ್ಪು ಕತ್ತರಿ ಬಿದ್ದರೆ ವಾಪಸ್ ಬರಲ್ಲ, ನಿನ್ನ ಭಯ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ರೇಷ್ಮೆಯಿಂದ ಶುರು ಮಾಡಬೇಡ. ಮೊದಲು ಲೈನಿಂಗ್ ಕಟಿಂಗ್ ನಿನ್ನ ಹಿರಿಯ ಟೈಲರ್‌ಗೆ ಬಿಡು, ಆಮೇಲೆ ಕಾಟನ್. ಪದೇ ಪದೇ ಬರುವ ಗಿರಾಕಿಗಳಿಗೆಲ್ಲ ಬ್ರೌನ್ ಪೇಪರ್‌ನಲ್ಲಿ ಪ್ಯಾಟರ್ನ್ ಕತ್ತರಿಸಿ, ಹೆಸರು ಬರೆದು, ಗೋಡೆಗೆ ನೇತುಹಾಕು. ಯಾರಿಗೆ ಎಲ್ಲಿ ಆಲ್ಟರೇಷನ್ ಮಾಡಿದೆ, ಕಂಕುಳಲ್ಲಿ ಬಿಚ್ಚಿದೆಯಾ, ಭುಜ ಇಳಿಸಿದೆಯಾ, ಅದನ್ನು ಅವತ್ತೇ ಆ ಪೇಪರ್ ಮೇಲೆ ಬರೆದು ತಿದ್ದು. ಈಗ ಅದೆಲ್ಲ ನಿನ್ನ ತಲೆಯಲ್ಲಿದೆ. ನೀನು ಒಂದು ದಿನ ಮಲಗಿದರೆ ಅಂಗಡಿಯೂ ಮಲಗುವುದು ಅದಕ್ಕೇ.

ಫೋನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಂಗಡಿಗೆ ಬೇರೆ ಸಿಮ್, ವಾಟ್ಸಾಪ್ ಬಿಸಿನೆಸ್, ರಾತ್ರಿ ಎಂಟರ ಮೇಲೆ ತಾನಾಗೇ ಹೋಗುವ ಉತ್ತರ. ಆ ಫೋನು ಅಂಗಡಿಯಲ್ಲೇ ಇರಲಿ. ರಾತ್ರಿ ಹನ್ನೊಂದಕ್ಕೆ ಬ್ಲೌಸಿನ ಬೆನ್ನಿನ ಡಿಸೈನ್ ಕಳಿಸಿದವರಿಗೆ ಬೆಳಿಗ್ಗೆ ಹತ್ತಕ್ಕೆ ಉತ್ತರ ಸಿಕ್ಕರೆ ಯಾರ ಮದುವೆಯೂ ನಿಲ್ಲಲ್ಲ.

ಆ ಸೀರೆ ಅಂಗಡಿಯವರ ಬಾಕಿ ನೋಡಿ ನನಗೆ ಸಿಟ್ಟು ಬಂತು. ಒಟ್ಟಿಗೆ ಆರ್ಡರ್ ಕೊಟ್ಟು, ಹೊಲಿಸಿಕೊಂಡು, ಮಾರಿಕೊಂಡು, ನಿನಗೆ ದುಡ್ಡು ಕೊಡಲು ನಾಲ್ಕು ತಿಂಗಳು. ಆ ಸಂದು ತುಂಬಿಸಲು ನೀನು ಕಡಿಮೆ ರೇಟಿನ ಆರ್ಡರ್ ಹಿಡಿಯುತ್ತೀಯ. ರಾತ್ರಿ ಕೆಲಸದ ಒಂದು ಬೇರು ಇಲ್ಲೇ ಇದೆ. 2006ರ ಎಂಎಸ್‌ಎಂಇ ಕಾಯ್ದೆ, ಅಂದರೆ ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ, ಏನು ಹೇಳುತ್ತದೆ ಕೇಳು. ಸಣ್ಣ ಉದ್ಯಮದವರಿಂದ ಮಾಲು, ಸೇವೆ ತಗೊಂಡವರು ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಅದಕ್ಕೆ ನಿನ್ನದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾತಿ, ಆಗಿರಬೇಕು. ಸರ್ಕಾರದ ವೆಬ್‌ಸೈಟಿನಲ್ಲಿ ಆಧಾರ್ ಇಟ್ಟುಕೊಂಡು ಕೂತರೆ ಆಗುತ್ತದೆ, ದುಡ್ಡು ಕೊಡಬೇಕಿಲ್ಲ. ಈ ವಾರವೇ ಮಾಡು, ಏಕೆಂದರೆ ನೋಂದಣಿಗೆ ಮುಂಚಿನ ಬಾಕಿಗೆ ಈ ಕಾಯ್ದೆ ಕೈಹಿಡಿಯುವುದು ಕಷ್ಟ. ಕೇಸು ಗೀಸು ಬೇಡ. ಮುಂದಿನ ಬಿಲ್ ಮೇಲೆ ನೋಂದಣಿ ಸಂಖ್ಯೆ ಹಾಕಿ, 45 ದಿನ ಅಂತ ಬರೆದು ಕೊಡು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ನಿಯಮ ಬಂದಿದೆ, ಗಡುವು ಮೀರಿ ಬಾಕಿ ಉಳಿಸಿಕೊಂಡರೆ ದುಡ್ಡು ಕೊಡುವ ತನಕ ಅದನ್ನು ಖರ್ಚಿಗೆ ತೋರಿಸಲು ಆಗಲ್ಲ. ಅವರ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಹೊಸ ಆರ್ಡರ್‌ಗೆ ಅರ್ಧ ಮುಂಗಡ ಕೇಳು. ಕೊಡದಿದ್ದರೆ ಆ ಕೆಲಸ ಬೇಡ.

ನಮ್ಮ ಅಜ್ಜನ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಿತ್ತನೆಯ ಹದ ತಪ್ಪುತ್ತಿದ್ದರೂ ಇಡುತ್ತಿರಲಿಲ್ಲ. ದಣಿದಿದೆಯಾ ಇಲ್ಲವಾ ಅಂತ ಯಾರೂ ಎತ್ತನ್ನು ನೋಡಿ ತೀರ್ಮಾನ ಮಾಡುತ್ತಿರಲಿಲ್ಲ, ಸೋಮವಾರ ಅಂದರೆ ಸೋಮವಾರ. ನೀನು ಕೆಲಸ ಮುಗಿದರೆ ರಜೆ ತಗೊಳ್ಳುತ್ತೇನೆ ಅನ್ನುತ್ತೀಯ. ಹೊಲಿಗೆ ಅಂಗಡಿಯಲ್ಲಿ ಕೆಲಸ ಮುಗಿಯುವುದು ಅಂತ ಇಲ್ಲವಲ್ಲ. ನಿನ್ನ ಪಕ್ಕದ ಹೇರ್ ಕಟಿಂಗ್ ಶಾಪ್ ಮಂಗಳವಾರ ಮುಚ್ಚಿರುತ್ತದೆ, ಜನಕ್ಕೆ ಗೊತ್ತು, ಬುಧವಾರ ಬರುತ್ತಾರೆ. ನೀನೂ ಒಂದು ಪೂರ್ತಿ ದಿನ ಮುಚ್ಚು. ಅರ್ಧ ದಿನ ಅಲ್ಲ.

ವರ್ಷದ ರಜೆಯನ್ನಂತೂ ನಮ್ಮ ಪಂಚಾಂಗವೇ ಬರೆದಿಟ್ಟಿದೆ. ಆಷಾಢದಲ್ಲಿ ಮದುವೆ ಇಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಆಗಲೂ ಇಲ್ಲ. ಪಿತೃಪಕ್ಷದಲ್ಲಿ ಹೊಸ ಬಟ್ಟೆ ಹೊಲಿಸುವವರು ಕಡಿಮೆ. ಹೋದ ವರ್ಷ ನೀನು ಆಷಾಢಕ್ಕೆ ಹೊಲಿಗೆ ಮೇಲೆ ಆಫರ್ ಹಾಕಿ, ಕಡಿಮೆ ರೇಟಿಗೆ ಜಾಸ್ತಿ ಕೆಲಸ ಮಾಡಿ, ಅದೇ ಸುಸ್ತಿನಲ್ಲಿ ಶ್ರಾವಣದ ವರಮಹಾಲಕ್ಷ್ಮಿ ಗಲಾಟೆಗೆ ಬಿದ್ದೆ. ಈ ಸಲ ಆಫರ್ ಬೇಡ. ಬಂದಷ್ಟು ಹೊಲಿಸು, ಮಷಿನ್ ಸರ್ವಿಸ್ ಮಾಡಿಸು, ಪೇಪರ್ ಪ್ಯಾಟರ್ನ್ ಮಾಡಿಸು, ಟೈಲರ್‌ಗಳು ಸರದಿಯಲ್ಲಿ ಊರಿಗೆ ಹೋಗಿ ಬರಲಿ. ಮಧ್ಯಾಹ್ನ ಮಲಗು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಸಾಲು ಉದ್ದ, ನಾವು ಬೇರೆ ದಿನ ಬೆಳಿಗ್ಗೆ ಹೋಗೋಣ. ಈ ತಿಂಗಳು ದುಡ್ಡು ಕಡಿಮೆಯಾಗುತ್ತದೆ ಅಂತ ಹೆದರಬೇಡ. ಮುಂದಿನ ಸೀಸನ್‌ನಿಂದ ಪ್ರತಿ ಬ್ಲೌಸಿಗೆ ಐವತ್ತು ರೂಪಾಯಿ ಬೇರೆ ಖಾತೆಗೆ ಹಾಕಿಡು, ಖಾಲಿ ತಿಂಗಳ ಬಾಡಿಗೆ, ಸಂಬಳ ಅದರಿಂದ ಬರಲಿ. ಈ ವರ್ಷದ್ದನ್ನು ನಾನು ನೋಡಿಕೊಳ್ಳುತ್ತೇನೆ, ಬೇಡ ಅನ್ನಬೇಡ.

ಮನೆಯ ಕೆಲಸ ಈ ಎಪ್ಪತ್ತು ಗಂಟೆಯಲ್ಲಿ ಸೇರಿಲ್ಲ. ಅಳಿಯಂದಿರ ಹತ್ತಿರ ನಾನು ಮಾತಾಡಿದ್ದೇನೆ. ಅವರಿಗೂ ನಿನ್ನ ನೋಡಿ ಸಂಕಟ ಆಗಿದೆ, ಏನು ಮಾಡಬೇಕು ಅಂತ ಗೊತ್ತಾಗಿಲ್ಲ ಅಷ್ಟೆ. ರಾತ್ರಿ ಅಡುಗೆ ಇನ್ನು ಅವರದು. ಉಪ್ಪು ಹೆಚ್ಚು ಕಡಿಮೆಯಾದರೆ ಸುಮ್ನೆ ಊಟ ಮಾಡು.

ಇನ್ನೊಂದು ವಿಷಯ ಉಳಿದಿದೆ. ರಕ್ತ ಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್. ಇವುಗಳಲ್ಲಿ ಏನಾದರೂ ಏರುಪೇರಾಗಿದ್ದರೂ ಹೀಗೇ ಸುಸ್ತಾಗುತ್ತದೆ, ಅದಕ್ಕೆ ಮಾತ್ರೆ ಬೇಕೇ ಹೊರತು ರಜೆ ಸಾಲದು. ಆಮೇಲೆ, ರಜೆಯ ದಿನವೂ ಏನೂ ಬೇಡ ಅನ್ನಿಸಿದರೆ, ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ, ಅದು ಬರೀ ಕೆಲಸದ ಸುಸ್ತಲ್ಲ. ಆಗ ನನಗೆ ಹೇಳು, ಎಷ್ಟು ಹೊತ್ತಾದರೂ ಫೋನ್ ಮಾಡು. ನನ್ನ ಹತ್ತಿರ ಹೇಳಲು ಆಗದಿದ್ದರೆ 14416ಕ್ಕೆ ಮಾಡು. ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಜೊತೆಗೆ ನಾನೂ ಬರುತ್ತೇನೆ.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಹೊರಟು ಬರುತ್ತಿದ್ದೇನೆ. ಎರಡು ವಾರ ಕೌಂಟರ್‌ನಲ್ಲಿ ನಾನು ಕೂರುತ್ತೇನೆ, ಹೊಸ ರೇಟು ನಾನೇ ಹೇಳುತ್ತೇನೆ, ಸಾಲದ ಅರ್ಜಿ ವಾಪಸ್ ಕಳಿಸಿ ಅಭ್ಯಾಸ ಇರುವವಳಿಗೆ ಇದೇನೂ ಕಷ್ಟ ಅಲ್ಲ. ಅಷ್ಟರೊಳಗೆ ಬಾಕಿ ಇರುವವರ ಪಟ್ಟಿ ಒಂದು ಹಾಳೆಯಲ್ಲಿ ಬರೆದಿಡು, ಪರೀಕ್ಷೆಗೆ ರಕ್ತ ಕೊಟ್ಟು ಬಾ. ಹೊಸದಾಗಿ ಯಾವ ಆರ್ಡರ್‌ಗೂ ಹೂಂ ಅನ್ನಬೇಡ.

ಅಮ್ಮ