ಇಮೇಜಿಂಗ್ ಓದುತ್ತೇನೆ ಎನ್ನುವ ಮಕ್ಕಳ ಪೋಷಕರಿಗೆ

ಪ್ರೀತಿಯ ಪೋಷಕರೇ,

ಮುಂದೇನು ಓದುತ್ತೀರಿ ಎಂದು ಮೇಲಿನ ತರಗತಿಯ ಮಕ್ಕಳನ್ನು ಕೇಳಿದಾಗ, ಈ ಸಲ ಕೆಲವರು ಮೆಡಿಕಲ್ ಇಮೇಜಿಂಗ್ ಎಂದು ಬರೆದುಕೊಟ್ಟಿದ್ದಾರೆ. ಅಂದರೆ ಎಕ್ಸ್‌-ರೇ, ಸಿ.ಟಿ., ಎಂ.ಆರ್.ಐ. ತೆಗೆಯುವ ಕೆಲಸ. ಆಮೇಲೆ ನಿಮ್ಮಲ್ಲಿ ಹಲವರಿಂದ ನನಗೆ ಬಂದದ್ದು ಎರಡೇ ಪ್ರಶ್ನೆ. ಬಟನ್ ಒತ್ತೋದಕ್ಕೆ ಅಷ್ಟು ವರ್ಷ ಓದಬೇಕಾ? ರೇಡಿಯೇಷನ್ ಅಪಾಯ ಅಲ್ವಾ?

ಮೊದಲು ಬಟನ್ ವಿಷಯ. ಎದೆಯ ಎಕ್ಸ್‌-ರೇಯನ್ನೇ ನೋಡಿ. ನಿಲ್ಲಲು ಆಗುವ ರೋಗಿಯನ್ನು ಕಿರಣ ಹೊರಡುವ ಟ್ಯೂಬ್‌ಗೆ ಬೆನ್ನು ಮಾಡಿಸಿ, ಎದೆಯನ್ನು ಚಿತ್ರ ಹಿಡಿಯುವ ಡಿಟೆಕ್ಟರ್‌ಗೆ ತಾಗಿಸಿ ನಿಲ್ಲಿಸುತ್ತಾರೆ. ಯಾಕೆಂದರೆ ಹೃದಯ ಇರುವುದು ಎದೆಯ ಮುಂಭಾಗದಲ್ಲಿ. ದೀಪದ ಮುಂದೆ ಕೈ ಹಿಡಿದು ನೋಡಿ, ಕೈ ಗೋಡೆಗೆ ಹತ್ತಿರವಾದಷ್ಟೂ ನೆರಳು ಅಳತೆಗೆ ಸರಿಯಾಗಿ ಬೀಳುತ್ತದೆ. ಇಲ್ಲೂ ಹಾಗೇ. ಟ್ಯೂಬನ್ನು ಸುಮಾರು 180 ಸೆಂ.ಮೀ. ದೂರ ಇಡುವುದೂ ಅದಕ್ಕೇ. ಭುಜ ಮುಂದಕ್ಕೆ ತಿರುಗಿಸದಿದ್ದರೆ ಹೆಗಲಿನ ಮೂಳೆ ಶ್ವಾಸಕೋಶದ ಮೇಲೆ ಬಂದು ಕೂರುತ್ತದೆ. ಉಸಿರು ಪೂರ್ತಿ ಎಳೆದು ಹಿಡಿಯದಿದ್ದರೆ ಶ್ವಾಸಕೋಶದ ಬುಡ ಮಬ್ಬಾಗಿ, ಇಲ್ಲದ ಕಾಯಿಲೆ ಇರುವಂತೆ ಕಾಣಬಹುದು. ಎಡ-ಬಲದ ಗುರುತು ಅದಲುಬದಲಾದರೆ ಏನಾಗಬಹುದು, ನೀವೇ ಯೋಚಿಸಿ. ಇಷ್ಟಾದ ಮೇಲೆ ಆ ಮೈಕಟ್ಟಿಗೆ ಎಷ್ಟು ಕಿಲೋವೋಲ್ಟ್, ಎಷ್ಟು ಹೊತ್ತು ಎಂದು ಹೊಂದಿಸಬೇಕು. ಬಟನ್ ಬರುವುದು ಕೊನೆಗೆ.

ಇದರ ನಡುವೆ ಎದುರಿಗಿರುವ ಮನುಷ್ಯ ಕೆಮ್ಮುತ್ತಿರುತ್ತಾರೆ. ಭಯಪಟ್ಟಿರುತ್ತಾರೆ. ಕಿವಿ ಸರಿಯಾಗಿ ಕೇಳದೇ ಇರಬಹುದು, ಕಾಲು ಮುರಿದು ಮುಟ್ಟಿದರೆ ಕಿರುಚಬಹುದು. ಅವರನ್ನು ಒಂದೆರಡು ನಿಮಿಷದಲ್ಲಿ ಸಮಾಧಾನ ಮಾಡಿ, ಹೇಳಿದಂತೆ ನಿಲ್ಲಿಸಬೇಕು. ಚಿತ್ರ ಓದಿ ವರದಿ ಬರೆಯುವುದು ರೇಡಿಯಾಲಜಿಸ್ಟ್, ಅಂದರೆ ವೈದ್ಯರು. ತೆಗೆದವರಿಗೆ ತೆರೆಯ ಮೇಲೆ ಏನೋ ಕಂಡೇ ಕಾಣುತ್ತದೆ, ಆದರೂ ರೋಗಿಯ ಮುಂದೆ ಮುಖ ಬದಲಾಗಬಾರದು. "ಏನಾದ್ರೂ ಇದೆಯಾ?" ಎಂದು ಕೇಳಿದವರಿಗೆ ಸುಳ್ಳೂ ಹೇಳದೆ, ವೈದ್ಯರ ಮಾತನ್ನು ತಾವೂ ಆಡದೆ ಉತ್ತರ ಕೊಡಬೇಕು. ನನಗೆ ಕೇಳಿದರೆ ಭೌತಶಾಸ್ತ್ರಕ್ಕಿಂತ ಕಷ್ಟದ ಪಾಠ ಇದು.

ಇನ್ನು ರೇಡಿಯೇಷನ್. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 1895ರಲ್ಲಿ ರಾಂಟ್ಜನ್ ಎಕ್ಸ್‌-ರೇ ಕಂಡುಹಿಡಿದ ಹೊಸದರಲ್ಲಿ, ಟ್ಯೂಬ್ ಸರಿಯಾಗಿದೆಯೇ ಎಂದು ನೋಡಲು ಜನ ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು. ಎಷ್ಟೋ ಮಂದಿ ಬೆರಳು ಕಳೆದುಕೊಂಡರು. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಅದೇ ಕಾರಣಕ್ಕೆ 1904ರಲ್ಲಿ ತೀರಿಕೊಂಡರು. ಇಂದಿನ ನಿಯಮಗಳೆಲ್ಲ ಅಂಥವರ ನೋವಿನಿಂದ ಬಂದವು. ಈಗ ಯಂತ್ರ ಚಾಲೂ ಆಗುವಾಗ ತಂತ್ರಜ್ಞರು ಸಾಮಾನ್ಯವಾಗಿ ಸೀಸದ ತಡೆಯ ಹಿಂದೆ ಇರುತ್ತಾರೆ. ಟ್ಯೂಬ್‌ನಿಂದ ದೂರ ಎರಡರಷ್ಟಾದರೆ ಕಿರಣದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ, ಅದನ್ನೂ ಬಳಸಿಕೊಳ್ಳುತ್ತಾರೆ. ಎದೆಗೆ ಸಿಕ್ಕಿಸಿಕೊಂಡ ಬ್ಯಾಡ್ಜ್ ಅವರ ಮೈಗೆ ಎಷ್ಟು ತಗುಲಿತು ಎಂದು ಲೆಕ್ಕ ಇಡುತ್ತದೆ. ಅಂತರರಾಷ್ಟ್ರೀಯ ಶಿಫಾರಸಿನ ಮಿತಿ, 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲಿದ ರೇಡಿಯೇಷನ್ ಅಳೆಯುವ ಮಾನ). ಭೂಮಿ ಮತ್ತು ಆಕಾಶದಿಂದ ನಮಗೆಲ್ಲ ಹೇಗೂ ತಗುಲುವುದು ವರ್ಷಕ್ಕೆ ಸರಾಸರಿ 2.4. ನಿಯಮ ಪಾಲಿಸುವ ಕಡೆ ಹೆಚ್ಚಿನವರು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌-ರೇಯೇ ಇಲ್ಲ. ಹಾಗಂತ ಎಂ.ಆರ್.ಐ. ಕೋಣೆಗೆ ಹೆದರಬೇಕಿಲ್ಲ ಅಂತಲ್ಲ. ಸಾಮಾನ್ಯವಾಗಿ ಅಲ್ಲಿರುವ 1.5 ಟೆಸ್ಲಾ ಆಯಸ್ಕಾಂತ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಬಲಶಾಲಿ. ಸ್ಕ್ಯಾನ್ ನಡೆಯದಿದ್ದಾಗಲೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಒಳಗೆ ಬಂದರೆ ಹಾರಿ ಹೋಗಿ ಬಡಿಯುತ್ತದೆ. ಪೇಸ್‌ಮೇಕರ್ ಇದೆಯಾ, ಕಣ್ಣಿಗೆ ಎಂದಾದರೂ ಲೋಹದ ಚೂರು ಬಿದ್ದಿತ್ತಾ ಎಂದು ಬಾಗಿಲಲ್ಲೇ ಬೇಸರಿಸದೆ ಕೇಳುವವರು ಈ ತಂತ್ರಜ್ಞರೇ.

ಓದಿನ ವಿಷಯಕ್ಕೆ ಬರೋಣ. ಪದವಿ ಬಹುತೇಕ ಕಡೆ ಮೂರು-ನಾಲ್ಕು ವರ್ಷ. ಅಂಗರಚನೆ ಜಾಸ್ತಿ, ಭೌತಶಾಸ್ತ್ರ ಅದಕ್ಕೇನೂ ಕಡಿಮೆಯಿಲ್ಲ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ಎಷ್ಟು ಗಂಟೆ ಕೆಲಸ ಕಲಿಯುತ್ತಾರೆ, ಯಂತ್ರವನ್ನು ಅವರ ಕೈಗೆ ಕೊಡುತ್ತಾರೋ ಅಥವಾ ಮೂಲೆಯಲ್ಲಿ ನಿಲ್ಲಿಸಿ ತೋರಿಸುತ್ತಾರೋ ಎಂದು ಕೇಳಿ. ಮಗು ಮುಂದೆ ಕೆಲಸ ಮಾಡುವ ಕಡೆ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಹಣ ಕಟ್ಟುವ ಮೊದಲೇ ಬರಹದಲ್ಲಿ ತಿಳಿದುಕೊಳ್ಳಿ. ರಾತ್ರಿ ಪಾಳಿ ಇರುತ್ತದೆ, ದಿನವಿಡೀ ನಿಂತಿರಬೇಕು, ರೋಗಿಗಳನ್ನು ಎತ್ತಿ ಮಲಗಿಸಬೇಕು. ಇದನ್ನೂ ಮಕ್ಕಳಿಗೆ ಹೇಳಿ.

ಒಂದು ಮನವಿ. "ಡಾಕ್ಟರ್ ಸೀಟು ಸಿಗದಿದ್ದರೆ ಇದಾದರೂ ಇದೆ" ಎಂದು ಮನೆಯಲ್ಲಿ ಮಾತಾಡಬೇಡಿ. ಇಷ್ಟಪಟ್ಟು ಬರೆದುಕೊಟ್ಟ ಮಗುವಿಗೆ ಅದು ಚುಚ್ಚುತ್ತದೆ.

ಭೌತಶಾಸ್ತ್ರ ಕಷ್ಟ, ಬಿಡಿಸೋಣ ಎಂದುಕೊಂಡಿರುವವರು ದಯವಿಟ್ಟು ಅರ್ಜಿ ಕೊಡುವ ಮುಂಚೆ ನನ್ನನ್ನು ಕಾಣಿ, ಏಕೆಂದರೆ ಎಷ್ಟೋ ಕಾಲೇಜುಗಳಲ್ಲಿ ಆ ವಿಷಯ ಇಲ್ಲದೆ ಈ ಕೋರ್ಸಿಗೆ ಸೇರಿಸಿಕೊಳ್ಳುವುದಿಲ್ಲ. ಬರುವಾಗ ಮಗುವನ್ನೂ ಕರೆದುಕೊಂಡು ಬನ್ನಿ. ಅವರಿಗೇ ನನ್ನ ಹತ್ತಿರ ಕೇಳಲು ಜಾಸ್ತಿ ಇರಬಹುದು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು